ಮಡಿಕೇರಿಯಲ್ಲಿ ಸಿಂಹಾಸನ ಎಲ್ಲಿದೆ?

ಪ್ರಶ್ನೆ: ನಾವು ದಾವಣಗೆರೆಯವರು. ನನ್ನ ಮಗಳಿಗೆ ಹನ್ನೊಂದು ವರ್ಷ. ಮೈಸೂರು ಅರಮನೆ ನೋಡಿ ಬಂದ ಮೇಲೆ ಅವಳಿಗೆ ರಾಜ, ರಾಣಿ, ಕೋಟೆ ಅಂದರೆ ಪ್ರಾಣ. ಈ ನವೆಂಬರ್‌ನಲ್ಲಿ ಮಡಿಕೇರಿಯಲ್ಲಿ ಎರಡು ರಾತ್ರಿ ಇರುತ್ತೇವೆ. ನಡುವಿನ ಒಂದು ಪೂರ್ತಿ ದಿನವನ್ನು ‘ರಾಜರ ದಿನ’ ಅಂತ ಅವಳಿಗೇ ಬಿಟ್ಟಿದ್ದೇವೆ. ಜೊತೆಗೆ ಐದು ವರ್ಷದ ಮಗ, 68 ವರ್ಷದ ನಮ್ಮಮ್ಮ ಇರುತ್ತಾರೆ. ಅಮ್ಮನಿಗೆ ಮಂಡಿನೋವು. ಕೋಟೆ, ಗದ್ದುಗೆ, ರಾಜಾಸೀಟ್, ನಾಲ್ಕುನಾಡು ಅರಮನೆ, ಅಬ್ಬಿ ಫಾಲ್ಸ್, ದುಬಾರೆ ಎಲ್ಲಾ ಒಂದೇ ದಿನ ಆಗುತ್ತಾ? ಯಾವುದು ಮೊದಲು, ಯಾವುದು ಆಮೇಲೆ? ಮಕ್ಕಳಿಗೆ ಕೊಡವರ ಡ್ರೆಸ್ ಹಾಕಿಸಿ ರಾಜ ರಾಣಿಯರ ಹಾಗೆ ಫೋಟೊ ತೆಗೆಸಬಹುದಾ? ಅಲ್ಲಿ ಸಿಂಹಾಸನ ಇದೆಯಾ ಅಂತ ಮಗಳು ದಿನಾ ಕೇಳುತ್ತಾಳೆ.

ಉತ್ತರ: ಮಗಳ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಸಿಂಹಾಸನ ಇಲ್ಲ. ಚಿನ್ನದ ಅಂಬಾರಿ ಇಲ್ಲ, ಬಣ್ಣದ ಗಾಜಿನ ದರ್ಬಾರ್ ಹಾಲ್ ಇಲ್ಲ, ಲಕ್ಷ ಬಲ್ಬಿನ ದೀಪಾಲಂಕಾರವೂ ಇಲ್ಲ. ಇದನ್ನು ಊರಿನಿಂದ ಹೊರಡುವ ಮೊದಲೇ ಅವಳಿಗೆ ಹೇಳಿಬಿಡಿ. ಮೈಸೂರನ್ನು ತಲೆಯಲ್ಲಿ ಇಟ್ಟುಕೊಂಡು ಬಂದ ಎಷ್ಟೋ ಮಕ್ಕಳು ಕೋಟೆ ಬಾಗಿಲಲ್ಲೇ ‘ಇಷ್ಟೇನಾ?’ ಅಂದದ್ದನ್ನು ಕೇಳಿದ್ದೇನೆ. ದೊಡ್ಡವರೂ ಅನ್ನುತ್ತಾರೆ, ಸ್ವಲ್ಪ ಮೆಲ್ಲಗೆ.

ಇದಕ್ಕೆ ಕಾರಣ ಇದೆ, ಅದನ್ನೂ ಹೇಳಿ. ಮೈಸೂರಿನಲ್ಲಿ 1947ರವರೆಗೂ ರಾಜರಿದ್ದರು. ನೀವು ನೋಡಿದ ಆ ಅರಮನೆ ಮುಗಿದದ್ದೇ 1912ರಲ್ಲಿ. ಕೊಡಗಿನ ರಾಜನನ್ನು ಬ್ರಿಟಿಷರು ಇಳಿಸಿದ್ದು 1834ರಲ್ಲಿ. ಅಲ್ಲಿಂದ ಮುಂದೆ ಅರಮನೆಗೆ ಯಜಮಾನನೇ ಇಲ್ಲ. ಸರ್ಕಾರಿ ಕಚೇರಿ ಬಂತು, ಕಡತ ಬಂತು, ಜವಾನ ಬಂದ. ಹಾಗಾಗಿ ಇಲ್ಲಿ ಸಾಮಾನು ಕಡಿಮೆ, ಕಥೆ ಜಾಸ್ತಿ. ಕಥೆ ಗೊತ್ತಿಲ್ಲದೆ ಬಂದರೆ ಮಡಿಕೇರಿ ಬರೀ ನಾಲ್ಕು ಹಳೇ ಕಟ್ಟಡ. ಗೊತ್ತಿದ್ದು ಬಂದರೆ ಮೈಸೂರಿಗಿಂತ ಒಂದು ಕೈ ಮೇಲೆ ಅಂತ ನನ್ನ ಅಭಿಪ್ರಾಯ. ನಾನು ಈ ಊರಲ್ಲೇ ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ಸ್ವಲ್ಪ ಪಕ್ಷಪಾತ ಇರುತ್ತೆ, ಅಲ್ವಾ?

ಜಿಲ್ಲಾ ಕೇಂದ್ರವನ್ನು ರಾಜಧಾನಿ ಅನ್ನಬಹುದಾ ಅಂತ ಮಗಳು ಕೇಳಿದರೆ ಧೈರ್ಯವಾಗಿ ಹೌದು ಅನ್ನಿ. ಹಾಲೇರಿಯಲ್ಲಿದ್ದ ರಾಜಧಾನಿಯನ್ನು ಮುದ್ದುರಾಜ ಇಲ್ಲಿಗೆ ತಂದದ್ದು 1681ರಲ್ಲಿ. ಅವನ ಹೆಸರಿನಿಂದಲೇ ಇದು ಮುದ್ದುರಾಜನ ಕೇರಿ, ಆಮೇಲೆ ಮಡಿಕೇರಿ. ರಾಜರು ಹೋದ ಮೇಲೂ ಬ್ರಿಟಿಷರ ಆಡಳಿತಕ್ಕೆ ಇದೇ ಕೇಂದ್ರ. ಸ್ವಾತಂತ್ರ್ಯ ಬಂದ ಮೇಲೂ ಕೊಡಗು ತನ್ನದೇ ಮುಖ್ಯಮಂತ್ರಿ ಇದ್ದ ಪುಟ್ಟ ರಾಜ್ಯವಾಗಿತ್ತು. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಸೇರಿತು. ಲೆಕ್ಕ ಹಾಕಿ, 275 ವರ್ಷ ರಾಜಧಾನಿ. ಇಷ್ಟು ಸಣ್ಣ ಊರಿಗೆ ಅದು ಕಡಿಮೆಯೇನಲ್ಲ.

ಈಗ ನಿಮ್ಮ ಪಟ್ಟಿಗೆ ಬರೋಣ. ಅರ್ಧ ಹೊಡೆದುಹಾಕಿ. ದುಬಾರೆ ಕುಶಾಲನಗರದ ಕಡೆಗಿದೆ. ಅಲ್ಲಿ ಆನೆ ಇವೆ, ರಾಜರಿಲ್ಲ. ಅಬ್ಬಿ ಫಾಲ್ಸ್ ನೋಡಬೇಕಾದದ್ದೇ, ಆದರೆ ಮೆಟ್ಟಿಲು ಇಳಿದು ಹತ್ತಬೇಕು. ಮಂಡಿನೋವಿನ ಅಮ್ಮ ಬೇಡ ಅನ್ನುತ್ತಾರೆ. (‘ಅಬ್ಬಿ’ ಅಂದರೇ ಜಲಪಾತ. ಅದಕ್ಕೆ ಫಾಲ್ಸ್ ಸೇರಿಸಿ ನಾವು ಎರಡೆರಡು ಸಲ ಹೇಳುತ್ತೇವೆ.) ನಾಲ್ಕುನಾಡು ಅರಮನೆ ಕಕ್ಕಬ್ಬೆ ಹತ್ತಿರ. ಹೋಗಿ ಬರಲು ಅರ್ಧ ದಿನ ಬೇಕು. ಅದರ ಮಾತು ಕೊನೆಗೆ ಹೇಳುತ್ತೇನೆ. ರಾಜರ ದಿನಕ್ಕೆ ಊರೊಳಗಿನ ನಾಲ್ಕು ಜಾಗ ಸಾಕು. ಕೋಟೆ, ಓಂಕಾರೇಶ್ವರ, ಗದ್ದುಗೆ, ರಾಜಾಸೀಟ್. ಇದೇ ಕ್ರಮದಲ್ಲಿ ಹೋಗಿ, ಹಿಂದೆ ಮುಂದೆ ಮಾಡಬೇಡಿ. ಗಡಿಯಾರಕ್ಕೂ ಇದು ಹೊಂದುತ್ತೆ, ಕಥೆಗೂ ಹೊಂದುತ್ತೆ. ಅಧಿಕಾರ ಮೊದಲು, ಅದು ಮಾಡಿಸಿದ ತಪ್ಪು ಆಮೇಲೆ, ಸಾವು ಅದರ ನಂತರ. ಸಂಜೆ ಮಾತ್ರ ಸುಮ್ನೆ ಕೂರುವುದಕ್ಕೆ.

ಬರುವ ದಾರಿಯಲ್ಲಿ ಮಕ್ಕಳಿಗೆ ನಾಲ್ಕು ಹೆಸರು ಕಲಿಸಿಬಿಡಿ. ಊರು ಕಟ್ಟಿದವನು ಮುದ್ದುರಾಜ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದು ಕೊಡಗನ್ನು ಮತ್ತೆ ಗೆದ್ದವನು ದೊಡ್ಡ ವೀರರಾಜೇಂದ್ರ. ಅವನ ತಮ್ಮ ಲಿಂಗರಾಜೇಂದ್ರ. ಲಿಂಗರಾಜೇಂದ್ರನ ಮಗ, ಕೊನೆಯ ದೊರೆ, ಚಿಕ್ಕ ವೀರರಾಜೇಂದ್ರ. ಹಾಲೇರಿ ವಂಶದಲ್ಲಿ ಇನ್ನೂ ರಾಜರಿದ್ದಾರೆ. ಆದರೆ ಒಂದು ದಿನಕ್ಕೆ ಈ ನಾಲ್ವರು ಸಾಕು. ಜಾಸ್ತಿ ಆದರೆ ಮಗ ಕಾರಲ್ಲೇ ನಿದ್ದೆ ಮಾಡುತ್ತಾನೆ.

ಬೆಳಿಗ್ಗೆ ಒಂಬತ್ತಕ್ಕೆ ಕೋಟೆಗೆ ಬನ್ನಿ. ಊರಿನ ನಡುವೆ ದಿಬ್ಬದ ಮೇಲಿದೆ. ಮುದ್ದುರಾಜ ಕಟ್ಟಿಸಿದ್ದು ಮಣ್ಣಿನ ಕೋಟೆ. ಈಗ ಕಾಣುವ ಕಲ್ಲಿನ ಗೋಡೆ ಟಿಪ್ಪು ಸುಲ್ತಾನ್ ಕಾಲದ್ದು. ಅವನು ಇದಕ್ಕೆ ಜಾಫರಾಬಾದ್ ಅಂತ ಹೆಸರಿಟ್ಟಿದ್ದ. ಹೆಸರು ನಿಲ್ಲಲಿಲ್ಲ, ಕಲ್ಲು ನಿಂತಿತು. ಬಾಗಿಲಿಂದ ಒಳಗೆ ಹೋಗುವಾಗ ದಾರಿ ನೇರ ಇಲ್ಲ, ಸುತ್ತಿ ಬಳಸಿ ಹೋಗುತ್ತೆ. ಯಾಕೆ ಹೀಗೆ ಅಂತ ಮಗಳನ್ನೇ ಕೇಳಿ. ಶತ್ರು ಓಡಿ ಬಂದರೆ ಏನಾಗುತ್ತೆ, ಆನೆ ನುಗ್ಗಿದರೆ ಏನಾಗುತ್ತೆ ಅಂತ ಅವಳೇ ಯೋಚಿಸಲಿ. ನಾನು ಮಕ್ಕಳನ್ನು ಕರೆದುಕೊಂಡು ಹೋದಾಗ ಒಬ್ಬರನ್ನು ‘ಶತ್ರು’ ಮಾಡಿ ಓಡಿಸುತ್ತಿದ್ದೆ. ತಿರುವಿನಲ್ಲಿ ವೇಗ ಕಮ್ಮಿ ಆದ ಕೂಡಲೇ ಪಾಠ ಮುಗಿಯುತ್ತಿತ್ತು.

ಒಳಗೆ ಹೋದ ಮೇಲೆ ಮೊದಲು ಆನೆ ನೋಡಿ. ಗಾರೆಯಲ್ಲಿ ಮಾಡಿದ ಎರಡು ಆನೆ, ನಿಜವಾದ ಆನೆಯಷ್ಟೇ ದೊಡ್ಡವು. ಇವುಗಳ ಬಗ್ಗೆ ಊರಲ್ಲಿ ಒಂದು ಕಥೆ ಇದೆ. ದಿನಾ ಬೆಳಿಗ್ಗೆ ಮಾವುತರು ಎರಡು ಆನೆ ತಂದು ರಾಜನಿಗೆ ಸಲಾಮು ಮಾಡಿಸಬೇಕಿತ್ತಂತೆ. ಒಂದು ದಿನ ತಪ್ಪಿತು. ರಾಜ ಸಿಟ್ಟಿನಲ್ಲಿ ಆನೆಗಳನ್ನು ಕೊಲ್ಲಿಸಿದ. ಸಿಟ್ಟು ಇಳಿದ ಮೇಲೆ ಅತ್ತು, ಅವುಗಳ ಹಾಗೇ ಈ ಎರಡನ್ನು ಮಾಡಿಸಿದನಂತೆ. ಇದು ಕಥೆ, ದಾಖಲೆ ಅಲ್ಲ. ಆದರೆ ಈ ಊರು ತನ್ನ ರಾಜರನ್ನು ಹೇಗೆ ನೆನಪಿಟ್ಟುಕೊಂಡಿದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಡ. ಮೈಸೂರಿನ ಕಥೆಗಳಲ್ಲಿ ರಾಜ ಕೆರೆ ಕಟ್ಟಿಸುತ್ತಾನೆ. ನಮ್ಮ ಕಥೆಗಳಲ್ಲಿ ರಾಜ ಮೊದಲು ತಪ್ಪು ಮಾಡುತ್ತಾನೆ, ಆಮೇಲೆ ಏನೋ ಕಟ್ಟಿಸುತ್ತಾನೆ. ಇದನ್ನು ನೆನಪಿಡಿ, ಓಂಕಾರೇಶ್ವರದಲ್ಲಿ ಮತ್ತೆ ಬರುತ್ತೆ.

ಅರಮನೆ ಎರಡು ಅಂತಸ್ತಿನದು. ಈಗಿನ ರೂಪ ಲಿಂಗರಾಜೇಂದ್ರನ ಕಾಲದ್ದು, 1812ರಿಂದ 1814ರ ನಡುವೆ ಕಟ್ಟಿಸಿದ್ದು. ಮುಂದಿನ ಗಡಿಯಾರದ ಗೋಪುರ ಮಾತ್ರ ಬ್ರಿಟಿಷರು 1933ರಲ್ಲಿ ಸೇರಿಸಿದ್ದು. ಫೋಟೊದಲ್ಲಿ ಎಲ್ಲರೂ ಅದನ್ನೇ ಹಿಡಿಯುತ್ತಾರೆ, ಪಾಪ, ರಾಜರು ಅದನ್ನು ನೋಡೇ ಇಲ್ಲ. ದುರಸ್ತಿ ಕೆಲಸ ನಡೆಯುವಾಗ ಅರಮನೆ ಒಳಗೆ ಬಿಡುವುದಿಲ್ಲ. ಹೊರಗಿಂದಲೇ ನೋಡಬೇಕಾದೀತು ಅಂತ ಮನಸ್ಸು ಮಾಡಿಕೊಂಡೇ ಬನ್ನಿ. ಒಳಗೆ ಬಿಟ್ಟರೆ ಅಂಗಳದಲ್ಲಿ ಒಂದು ಕಲ್ಲಿನ ಆಮೆ ಇದೆ, ಮಗನಿಗೆ ಹುಡುಕಲು ಹೇಳಿ. ಅಷ್ಟರಲ್ಲಿ ಅಮ್ಮ ಕೋಟೆ ಗಣಪತಿ ದೇವಸ್ಥಾನದಲ್ಲಿ ಕೈ ಮುಗಿದು ಕೂತಿರಲಿ. ಕೊತ್ತಲ ಹತ್ತುವುದು ಅವರಿಗೆ ಬೇಡ. ನೀವು ಮಕ್ಕಳ ಜೊತೆ ಹತ್ತಿ. ಗೋಡೆ ಅಂಚಿನಲ್ಲಿ ಮಾತ್ರ ಮಗನ ಕೈ ಬಿಡಬೇಡಿ.

ಕೊತ್ತಲ ಮೇಲೆ ನಿಂತು ಹೇಳುವುದಕ್ಕೆ ಒಂದು ಒಳ್ಳೆ ಪ್ರಸಂಗ ಇದೆ. ದೊಡ್ಡ ವೀರರಾಜೇಂದ್ರನನ್ನು ಟಿಪ್ಪು ಪಿರಿಯಾಪಟ್ಟಣದಲ್ಲಿ ಸೆರೆಯಲ್ಲಿ ಇಟ್ಟಿದ್ದ. 1788ರಲ್ಲಿ ಅವನು ತಪ್ಪಿಸಿಕೊಂಡು ಕೊಡಗಿಗೆ ಬಂದ. ಕೊಡಗಿನವರು ಅವನ ಹಿಂದೆ ನಿಂತರು. ಒಂದೊಂದೇ ಠಾಣೆ ಬಿಡಿಸಿಕೊಂಡರು. ಕೊನೆಗೆ ಉಳಿದದ್ದು ಈ ಕೋಟೆ. ಒಳಗೆ ಮೈಸೂರಿನ ಸೈನಿಕರು, ಊಟಕ್ಕೆ ಗತಿ ಇಲ್ಲ. ಅವರಿಗೆ ಅಕ್ಕಿ ತರುತ್ತಿದ್ದ ಒಬ್ಬ ಸರದಾರ ದಾರಿಯಲ್ಲಿ ರಾಜನ ಕೈಗೆ ಸಿಕ್ಕಿಬಿದ್ದ. ನೋಡಿದರೆ, ಸೆರೆಯಲ್ಲಿದ್ದಾಗ ರಾಜನ ಮನೆಯವರ ಮಾನ ಉಳಿಸಿದ್ದವನು ಅವನೇ. ರಾಜ ಆ ಋಣಕ್ಕೆ ಅವನನ್ನು ಬಿಟ್ಟ. ಅಕ್ಕಿಯೂ ಕೋಟೆಯೊಳಗೆ ಹೋಯಿತು. ಮುಂದೆ 1790ರಲ್ಲಿ ಕೋಟೆ ರಾಜನ ಕೈಗೆ ಬಂತು. ಶತ್ರುವಿಗೇ ಅಕ್ಕಿ ಕಳಿಸಿದ ರಾಜ! ಇದೇ ರಾಜ ಕೊನೆಗಾಲದಲ್ಲಿ ಬುದ್ಧಿ ಕೆಟ್ಟು, ಅನುಮಾನ ಹತ್ತಿ, ತನ್ನವರನ್ನೇ ಕೊಲ್ಲಿಸಿದ. ಮಕ್ಕಳಿಗೆ ಎರಡನ್ನೂ ಹೇಳಿ. ರಾಜ ಅಂದರೆ ಒಳ್ಳೆಯವನು ಇಲ್ಲ ಕೆಟ್ಟವನು, ಎರಡರಲ್ಲಿ ಒಂದು ಅಂತ ಅವರು ತಿಳಿದಿರುತ್ತಾರೆ.

ಹತ್ತು ಗಂಟೆಗೆ ಮ್ಯೂಸಿಯಂಗೆ ಹೋಗಿ. ಚರ್ಚ್ ಥರ ಕಾಣುತ್ತಲ್ಲ ಅಂತ ಅಮ್ಮ ಕೇಳುತ್ತಾರೆ. ಚರ್ಚೇ ಅದು. ಕೋಟೆಯೊಳಗೆ ರಾಜರ ಕಾಲದ ವೀರಭದ್ರ ದೇವಸ್ಥಾನ ಇತ್ತು. ಬ್ರಿಟಿಷರು 1855ರಲ್ಲಿ ಅದನ್ನು ತೆಗೆಸಿದರು. 1859ರಲ್ಲಿ ಕೋಟೆಯೊಳಗೆ ಸೇಂಟ್ ಮಾರ್ಕ್ಸ್ ಚರ್ಚ್ ಎದ್ದಿತು. ಈಗ ಅಲ್ಲಿ ಹಳೇ ಶಿಲ್ಪ, ವೀರಗಲ್ಲು, ಆಯುಧ ಇಟ್ಟಿದ್ದಾರೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರಿಗೆ ಸೇರಿದ ವಸ್ತುಗಳೂ ಇವೆ. ಮುಕ್ಕಾಲು ಗಂಟೆ ಸಾಕು. ಒಂದು ಎಚ್ಚರಿಕೆ ಇದೆ. ಸರ್ಕಾರಿ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ. ನಾನೇ ಒಮ್ಮೆ ನೆಂಟರನ್ನೆಲ್ಲಾ ಜಂಬದಿಂದ ಸೋಮವಾರ ಕರೆದುಕೊಂಡು ಹೋಗಿ, ಬೀಗದ ಮುಂದೆ ಬೆಪ್ಪನ ಹಾಗೆ ನಿಂತಿದ್ದೆ. ಇಡೀ ಊರಿನ ಇತಿಹಾಸ ಗೊತ್ತು, ವಾರ ಗೊತ್ತಿಲ್ಲ ಅಂತ ನನ್ನ ಮನೆಯವರು ಈಗಲೂ ನಗುತ್ತಾರೆ.

ಕೋಟೆ ಬಿಡುವ ಮೊದಲು ಒಂದು ಹೆಸರು ಹೇಳಿಬಿಡಿ. ಗುಡ್ಡೆಮನೆ ಅಪ್ಪಯ್ಯಗೌಡ. ರಾಜ ಹೋದ ಮೂರೇ ವರ್ಷಕ್ಕೆ, 1837ರಲ್ಲಿ, ಸುಳ್ಯ ಕಡೆಯಿಂದ ಬ್ರಿಟಿಷರ ವಿರುದ್ಧ ರೈತರು ದಂಗೆ ಎದ್ದರು. ಆ ದಂಗೆಯ ಮುಂದಾಳುಗಳಲ್ಲಿ ಅವರೂ ಒಬ್ಬರು. 1837ರ ಅಕ್ಟೋಬರ್ 31ರಂದು ಅವರನ್ನು ಗಲ್ಲಿಗೆ ಹಾಕಿದ್ದು ಇದೇ ಕೋಟೆಯಲ್ಲಿ. ಅರಮನೆ ಮುಂದೆ ಸೆಲ್ಫಿ ತೆಗೆಯುವಾಗ ಈ ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ.

ಹನ್ನೊಂದಕ್ಕೆಲ್ಲಾ ಓಂಕಾರೇಶ್ವರ ದೇವಸ್ಥಾನಕ್ಕೆ ಇಳಿದುಬಿಡಿ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ. ಕೋಟೆಯಿಂದ ತೀರಾ ಹತ್ತಿರ, ಆದರೂ ಇಳಿಜಾರು. ಅಮ್ಮನನ್ನು ಗಾಡಿಯಲ್ಲೇ ಕರೆತನ್ನಿ.

ಮೊದಲ ಸಲ ನೋಡಿದವರು ಇದು ದೇವಸ್ಥಾನ ಅಂತ ನಂಬುವುದಿಲ್ಲ. ಗೋಪುರ ಇಲ್ಲ, ಕಂಬದ ಮಂಟಪ ಇಲ್ಲ. ನಡುವೆ ಒಂದು ಗುಮ್ಮಟ, ನಾಲ್ಕು ಮೂಲೆಗೆ ನಾಲ್ಕು ಮಿನಾರು. ದೂರದಿಂದ ದರ್ಗಾ ಅನ್ನಬೇಕು. ಮುಂದೆ ಕಲ್ಯಾಣಿ, ಅದರ ನಡುವೆ ಮಂಟಪ, ಮಂಟಪಕ್ಕೆ ಕಾಲುದಾರಿ. ನೀರಲ್ಲಿ ಮೀನೋ ಮೀನು. ನಿಮ್ಮ ಮಗ ಅಲ್ಲಿಂದ ಏಳುವುದಿಲ್ಲ, ಅದಕ್ಕೇ ಹತ್ತು ನಿಮಿಷ ಜಾಸ್ತಿ ಇಟ್ಟುಕೊಳ್ಳಿ.

ಕಟ್ಟಿಸಿದವನು ಲಿಂಗರಾಜೇಂದ್ರ, 1820ರಲ್ಲಿ. ಯಾಕೆ ಕಟ್ಟಿಸಿದ? ಇಲ್ಲಿನ ಐತಿಹ್ಯ ಹೀಗಿದೆ. ರಾಜ ತನ್ನ ಆಸೆಗೆ ಅಡ್ಡ ಬಂದ ಒಬ್ಬ ಸಾಧು ಬ್ರಾಹ್ಮಣನನ್ನು ಕೊಲ್ಲಿಸಿದ. ಸತ್ತವನು ಬ್ರಹ್ಮರಾಕ್ಷಸನಾಗಿ ಕಾಡಿದ. ರಾಜನಿಗೆ ರಾತ್ರಿ ನಿದ್ದೆ ಇಲ್ಲ. ತಿಳಿದವರು ಹೇಳಿದರು, ಕಾಶಿಯಿಂದ ಲಿಂಗ ತಂದು ಪ್ರತಿಷ್ಠೆ ಮಾಡು ಅಂತ. ಲಿಂಗ ಬಂತು, ಗುಡಿ ಎದ್ದಿತು, ಕಾಟ ನಿಂತಿತು. ಕಿಟಕಿಯ ಸರಳುಗಳು ಪಂಚಲೋಹದವು ಅನ್ನುತ್ತಾರೆ, ಮಗಳು ಹತ್ತಿರ ಹೋಗಿ ನೋಡಲಿ. ಇನ್ನೊಂದು ವಿಷಯ ಐತಿಹ್ಯ ಅಲ್ಲ, ಇತಿಹಾಸ. ಗುಡಿ ಆದ ವರ್ಷವೇ, 1820ರಲ್ಲೇ, ಲಿಂಗರಾಜೇಂದ್ರ ತೀರಿಕೊಂಡ.

ಕಾಶಿಯ ಈ ಲಿಂಗವನ್ನು ಮರೆಯಬೇಡಿ ಅಂತ ಮಗಳಿಗೆ ಹೇಳಿ. ಮಧ್ಯಾಹ್ನ ಇನ್ನೊಂದು ಸಲ ಕಾಶಿ ಬರುತ್ತೆ.

ಇಷ್ಟರಲ್ಲಿ ಹೊಟ್ಟೆ ಹಸಿದಿರುತ್ತೆ. ‘ರಾಜಭೋಜನ’ ಅಂತ ಬೋರ್ಡ್ ಹಾಕಿ ಪಂದಿಕರಿ (ಹಂದಿ ಮಾಂಸದ ಸಾರು) ಬಡಿಸುವ ಹೋಟೆಲ್ ಕಂಡರೆ ನಕ್ಕು ಒಳಗೆ ಹೋಗಿ. ಕೊಡಗಿನ ದೊರೆಗಳು ಲಿಂಗಾಯತರು. ಪಂದಿಕರಿ ಅರಮನೆಯ ಅಡುಗೆ ಅಲ್ಲ, ಕೊಡವರ ಮನೆಯ ಅಡುಗೆ. ರುಚಿಗೆ ಅದರಿಂದ ಏನೂ ಕಮ್ಮಿ ಇಲ್ಲ. ಸಸ್ಯಾಹಾರಿಗಳಾದರೆ ಕಡಂಬುಟ್ಟು, ನೂಲ್‌ಪುಟ್ಟು, ಅಕ್ಕಿ ಒಟ್ಟಿ ಕೇಳಿ, ಜೊತೆಗೆ ತರಕಾರಿ ಅಥವಾ ಅಣಬೆ ಪಲ್ಯ. ಬೆಲ್ಲ ಹಾಕಿದ ಕಾಫಿ ಸಿಕ್ಕರೆ ಬಿಡಬೇಡಿ. ಊಟ ಆದ ಮೇಲೆ ರೂಮಿಗೆ ಹೋಗಿ ಒಂದು ಗಂಟೆ ಮಲಗಿ. ಇದನ್ನು ಬಿಟ್ಟರೆ ಸಂಜೆ ಮಗ ಹಠ ಹಿಡಿಯುತ್ತಾನೆ, ಅಮ್ಮನ ಮಂಡಿ ಊದುತ್ತೆ. ಒಂದು ದಿನದ ಪ್ಲಾನ್ ಹಾಕುವವರು ಮರೆಯುವುದು ಇದೊಂದನ್ನೇ.

ಮೂರು ಗಂಟೆಗೆ ಗದ್ದುಗೆ. ಮಹದೇವಪೇಟೆ ಹಾದು ಹೋಗಬೇಕು. ದೊಡ್ಡ ವೀರರಾಜೇಂದ್ರನ ರಾಣಿ ಮಹದೇವಮ್ಮಾಜಿಯ ಹೆಸರಿನ ಪೇಟೆ ಇದು. ಇವತ್ತು ಸ್ಕೂಟರ್, ತರಕಾರಿ, ಮೊಬೈಲ್ ಅಂಗಡಿ ನಡುವೆ ರಾಣಿಯ ಹೆಸರು ದಿನಾ ನೂರು ಸಲ ಕೇಳಿಸುತ್ತೆ. ‘ಅಣ್ಣಾ, ಮಹದೇವಪೇಟೆ ಬರ್ತೀರಾ?’ ಅಂತ ಆಟೊದವರನ್ನು ಕೇಳುವವರಿಗೆ ಅದು ರಾಣಿಯ ಹೆಸರು ಅಂತ ಹೊಳೆಯುವುದೂ ಇಲ್ಲ.

ನಿಜ ಹೇಳಬೇಕೆಂದರೆ ನಾಲ್ಕರಲ್ಲಿ ನನಗೆ ಇಷ್ಟವಾದ ಜಾಗ ಇದೇ. ಬಹಳ ಜನ ಅಬ್ಬಿಗೆ ಹೋಗುವ ಆತುರದಲ್ಲಿ ಇದನ್ನು ಬಿಟ್ಟುಬಿಡುತ್ತಾರೆ. ಹಾಗಾಗಿ ಇಲ್ಲಿ ಗಲಾಟೆ ಕಡಿಮೆ. ಹಸಿರು ಹುಲ್ಲು, ಅದರ ಮೇಲೆ ಸಾಲಾಗಿ ಗುಮ್ಮಟಗಳು. ನಡುವಿನದು ದೊಡ್ಡದು, ದೊಡ್ಡ ವೀರರಾಜೇಂದ್ರ ಮತ್ತು ಮಹದೇವಮ್ಮಾಜಿಯದು. ಅದರ ಬಲಕ್ಕೆ ಲಿಂಗರಾಜೇಂದ್ರ ಮತ್ತು ಅವನ ರಾಣಿಯದು, ಚಿಕ್ಕ ವೀರರಾಜೇಂದ್ರ ಅಪ್ಪನಿಗಾಗಿ ಕಟ್ಟಿಸಿದ್ದು. ಎಡಕ್ಕೆ ರಾಜಗುರು ರುದ್ರಪ್ಪನವರದು. ಬೆಳಿಗ್ಗೆ ನೋಡಿದ ಓಂಕಾರೇಶ್ವರವನ್ನು ಮಗಳು ಇಲ್ಲಿ ಗುರುತು ಹಿಡಿಯುತ್ತಾಳೆ. ಅದೇ ಗುಮ್ಮಟ, ಅವೇ ಮಿನಾರು, ಹೆಚ್ಚುಕಮ್ಮಿ ಅದೇ ಕಾಲ. ದೇವರ ಮನೆಯೂ ಹೀಗೇ, ರಾಜರ ಸಮಾಧಿಯೂ ಹೀಗೇ. ಶಿವಭಕ್ತ ರಾಜರಿಗೆ ಗುಮ್ಮಟ ಯಾಕೆ ಅಂತ ಕೇಳಿದರೆ, ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಸಮಾಧಿ ಇರುವ ಗುಂಬಜ್ ನೆನಪು ಮಾಡಿಕೊಳ್ಳಲು ಹೇಳಿ. ದೊರೆಗಳು ಒಬ್ಬರ ಮೇಲೆ ಒಬ್ಬರು ಯುದ್ಧ ಮಾಡಿದರೂ, ಒಬ್ಬರ ಕಟ್ಟಡ ನೋಡಿ ಇನ್ನೊಬ್ಬರು ಕಲಿಯುತ್ತಿದ್ದರು. ಒಳಗೆ ಮಲಗಿರುವವರು ಯಾರು ಅಂತ ತಿಳಿಯಬೇಕಾದರೆ ಮೂಲೆ ನೋಡಬೇಕು. ಅಲ್ಲಿ ನಂದಿ ಕೂತಿದೆ. ಎಷ್ಟು ನಂದಿ ಅಂತ ಮಗ ಎಣಿಸಲಿ.

ಹತ್ತಿರದಲ್ಲೇ ಇನ್ನೂ ಎರಡು ಸಮಾಧಿ ಇವೆ. ಟಿಪ್ಪು ವಿರುದ್ಧದ ಹೋರಾಟದಲ್ಲಿ ಸತ್ತ ಬಿದ್ದಂಡ ಬೋಪು, ಮತ್ತು ಅವನ ಮಗ ಬಿದ್ದಂಡ ಸೋಮಯ್ಯ. ಇಬ್ಬರೂ ಕೊಡವ ಸೇನಾನಿಗಳು. ರಾಜರ ಪಕ್ಕದಲ್ಲೇ ಅವರಿಗೂ ಜಾಗ ಸಿಕ್ಕಿತು. ಲಿಂಗಾಯತ ದೊರೆ, ಕೊಡವ ಸೇನಾನಿ, ಮುಸ್ಲಿಂ ಶೈಲಿಯ ಗುಮ್ಮಟ. ಕೊಡಗು ಅಂದರೆ ಇದೇ ಅಂತ ನಾನು ಪಾಠ ಮಾಡುವಾಗ ಪುಸ್ತಕ ಮುಚ್ಚಿ ಮಕ್ಕಳನ್ನು ಇಲ್ಲಿಗೆ ಕರೆತರುತ್ತಿದ್ದೆ.

ಈಗ ಸಿಂಹಾಸನದ ವಿಷಯ. ‘ಗದ್ದುಗೆ’ ಅಂದರೆ ಏನು ಅಂತ ಅಮ್ಮನನ್ನು ಕೇಳಿ. ನಿಮ್ಮ ಕಡೆಯ ಮಠಗಳಲ್ಲಿ ಸ್ವಾಮಿಗಳ ಗದ್ದುಗೆಗೆ ಕೈ ಮುಗಿದಿರುತ್ತಾರೆ. ‘ಗದ್ದುಗೆ ಏರಿದ’ ಅಂದರೆ ಪಟ್ಟಕ್ಕೆ ಬಂದ ಅಂತಲೂ ಆಗುತ್ತೆ. ರಾಜ ಕೂರುವ ಜಾಗಕ್ಕೂ, ಕೊನೆಗೆ ಮಲಗುವ ಜಾಗಕ್ಕೂ ಕನ್ನಡ ಒಂದೇ ಮಾತು ಇಟ್ಟುಕೊಂಡಿದೆ. ಮಗಳು ಹುಡುಕುತ್ತಿದ್ದ ಸಿಂಹಾಸನ ಇದೇ ಅಂತ ತೋರಿಸಿ. ಮುಖ ಸಪ್ಪೆ ಮಾಡಿದರೆ ಮಾಡಲಿ. ನನ್ನ ಅನುಭವದಲ್ಲಿ ಹನ್ನೊಂದು ವರ್ಷದವರಿಗೆ ಇದು ಅರ್ಥ ಆಗುತ್ತೆ, ನಾವು ಅಂದುಕೊಂಡದ್ದಕ್ಕಿಂತ ಬೇಗ.

ಆಮೇಲೆ ಅವಳೇ ಒಂದು ಪ್ರಶ್ನೆ ಕೇಳಬೇಕು. ಕೇಳದಿದ್ದರೆ ನೀವು ಕೇಳಿ. ಕೊನೆಯ ರಾಜನ ಗದ್ದುಗೆ ಎಲ್ಲಿ? ಇಲ್ಲ. 1834ರ ಏಪ್ರಿಲ್‌ನಲ್ಲಿ ಇಂಗ್ಲಿಷರ ಸೈನ್ಯ ಮಡಿಕೇರಿಗೆ ಬಂದಾಗ ಚಿಕ್ಕ ವೀರರಾಜೇಂದ್ರ ನಾಲ್ಕುನಾಡು ಅರಮನೆಯಲ್ಲಿದ್ದ. ಕೆಲವೇ ದಿನಗಳಲ್ಲಿ ಶರಣಾದ. ಅವನನ್ನು ಮೊದಲು ವೆಲ್ಲೂರಿಗೆ, ಅಲ್ಲಿಂದ ಕಾಶಿಗೆ ಕಳಿಸಿದರು. ನೋಡಿ, ಅಪ್ಪ ಕಾಶಿಯಿಂದ ಮಡಿಕೇರಿಗೆ ಲಿಂಗ ತರಿಸಿದ. ಹದಿನಾಲ್ಕು ವರ್ಷಕ್ಕೆ ಮಗ ಮಡಿಕೇರಿಯಿಂದ ಕಾಶಿಯ ದಾರಿ ಹಿಡಿದ, ಯಾತ್ರೆಗಲ್ಲ, ಗಡೀಪಾರಾಗಿ.

ಅಲ್ಲಿಗೆ ಕಥೆ ನಿಲ್ಲಲಿಲ್ಲ. ಅವನ ಮಗಳು ಗೌರಮ್ಮ 1841ರಲ್ಲಿ ಕಾಶಿಯಲ್ಲೇ ಹುಟ್ಟಿದಳು. 1852ರಲ್ಲಿ ರಾಜ ಆ ಹುಡುಗಿಯನ್ನು ಕರೆದುಕೊಂಡು ಹಡಗು ಹತ್ತಿ ಲಂಡನ್‌ಗೆ ಹೋದ. ತನ್ನ ಹಣ ವಾಪಸ್ ಕೇಳುವುದು ಅವನ ಉದ್ದೇಶ. ಅಲ್ಲಿ ಗೌರಮ್ಮನಿಗೆ ಕ್ರೈಸ್ತ ದೀಕ್ಷೆ ಆಯಿತು. ಧರ್ಮತಾಯಿಯಾಗಿ ನಿಂತವಳು ವಿಕ್ಟೋರಿಯಾ ರಾಣಿ, ಸ್ವತಃ. ಹೆಸರೂ ವಿಕ್ಟೋರಿಯಾ ಗೌರಮ್ಮ ಅಂತಾಯಿತು. ಆಗ ಅವಳಿಗೆ ಹನ್ನೊಂದು ವರ್ಷ. ನಿಮ್ಮ ಮಗಳ ವಯಸ್ಸೇ, ಅಲ್ವಾ? ಮುಂದೆ ಕರ್ನಲ್ ಕ್ಯಾಂಪ್‌ಬೆಲ್ ಎಂಬವನನ್ನು ಮದುವೆಯಾದಳು. 1864ರಲ್ಲಿ ತೀರಿಕೊಂಡಳು, ಇಪ್ಪತ್ತಮೂರು ಸಹ ತುಂಬಿತ್ತೋ ಇಲ್ಲವೋ. ಅವಳಪ್ಪನೂ ಲಂಡನ್‌ನಲ್ಲೇ ಸತ್ತ. ಈ ಕಥೆಯನ್ನು ಹೋಟೆಲ್ ರೂಮಿನಲ್ಲಿ ಹೇಳಬೇಡಿ. ಗದ್ದುಗೆಯ ಹುಲ್ಲಿನ ಮೇಲೆ ಕೂತು ಹೇಳಿ. ಅಲ್ಲಿ ಇಲ್ಲದ ಆ ಇಬ್ಬರೂ ಆಗ ಕಾಣಿಸುತ್ತಾರೆ.

ಬಟ್ಟೆಯ ವಿಷಯ ಕೇಳಿದ್ದಿರಿ. ಕೊಡವರ ಕುಪ್ಯಚೇಲೆ (ಉದ್ದ ಕೋಟು, ಸೊಂಟಪಟ್ಟಿ), ಪೀಚೆಕತ್ತಿ (ಸೊಂಟದ ಬಾಕು) ರಾಜರ ವೇಷ ಅಲ್ಲ. ಅದು ಇಲ್ಲಿ ಇವತ್ತಿಗೂ ಮದುವೆ, ಹಬ್ಬಕ್ಕೆ ಉಡುವ ಉಡುಪು. ನಮ್ಮ ಊರಿನ ಯಾರದೋ ಮದುಮಗನ ಬಟ್ಟೆಯನ್ನು ‘ರಾಜನ ಡ್ರೆಸ್’ ಅಂದರೆ ಕೇಳಿದವರಿಗೆ ಒಂಥರಾ ಆಗುತ್ತೆ. ಕೊಡವ ಉಡುಪು ಅಂತಲೇ ಹೇಳಿ ಮಕ್ಕಳಿಗೆ ಹಾಕಿಸಿದರೆ ಯಾರೂ ಬೇಡ ಅನ್ನುವುದಿಲ್ಲ. ಗದ್ದುಗೆ ಮುಂದೆ, ದೇವಸ್ಥಾನದೊಳಗೆ ಮಾತ್ರ ಫೋಟೊ ಆಟ ಬೇಡ. ರಾಜಾಸೀಟ್‌ನಲ್ಲಿ ಎಷ್ಟು ಬೇಕಾದರೂ ತೆಗೆಯಿರಿ.

ನಾಲ್ಕುನಾಡು ಅರಮನೆಯನ್ನು ಮರುದಿನಕ್ಕೆ ಇಡಿ, ಅದೂ ಮೂರನೇ ರಾತ್ರಿ ಉಳಿಯುವುದಾದರೆ ಮಾತ್ರ. ನಾಪೋಕ್ಲು ಮೇಲೆ ಕಕ್ಕಬ್ಬೆಗೆ ಹೋಗಬೇಕು. ನೀವು ದಾವಣಗೆರೆಗೆ ಹೋಗುವ ದಿಕ್ಕಿಗೆ ಅದು ಪೂರ್ತಿ ಉಲ್ಟಾ, ತಿರುವಿನ ರಸ್ತೆ ಬೇರೆ. ದೊಡ್ಡ ವೀರರಾಜೇಂದ್ರ 1792ರಿಂದ 1794ರ ನಡುವೆ ಕಟ್ಟಿಸಿದ ಹೆಂಚಿನ ಅರಮನೆ ಅದು. ಮಹದೇವಮ್ಮಾಜಿ ಜೊತೆ ಅವನ ಮದುವೆ ಆದದ್ದೂ ಅಲ್ಲೇ, 1796ರಲ್ಲಿ. ಕತ್ತಲೆ ಕೋಣೆಗಳು, ಮರದ ಕೆತ್ತನೆ, ಹಿಂದೆ ತಡಿಯಂಡಮೋಳ್ ಬೆಟ್ಟ. ಮಗಳಿಗೆ ಹುಚ್ಚು ಹಿಡಿಸುವ ಜಾಗ. ಆದರೆ ಒಂದೇ ದಿನದಲ್ಲಿ ಊರು ಮತ್ತು ನಾಲ್ಕುನಾಡು ಎರಡನ್ನೂ ತುರುಕಿದರೆ, ಅವಳ ನೆನಪಿನಲ್ಲಿ ಉಳಿಯುವುದು ಕಾರಿನ ಕಿಟಕಿ ಮತ್ತು ವಾಂತಿ.

ಇನ್ನು ಮಳೆ. ನವೆಂಬರ್ ಹೊತ್ತಿಗೆ ದೊಡ್ಡ ಮಳೆ ಮುಗಿದಿರುತ್ತೆ, ಆದರೂ ಒಂದು ಕೊಡೆ ಇರಲಿ. ಮುಂದೆ ಯಾವತ್ತಾದರೂ ಜುಲೈ, ಆಗಸ್ಟ್‌ನಲ್ಲಿ ಬರುವ ಯೋಚನೆ ಇದ್ದರೆ ಮೊದಲು ಇಲ್ಲಿನ ಸುದ್ದಿ ನೋಡಿ ಹೊರಡಿ. 2018ರ ಆಗಸ್ಟ್‌ನಲ್ಲಿ ಈ ಬೆಟ್ಟಗಳು ಹೇಗೆ ಕುಸಿದವು ಅಂತ ಇಲ್ಲಿ ಯಾರೂ ಮರೆತಿಲ್ಲ. ದಸರಾಕ್ಕೆ ಬಂದರೆ ಇನ್ನೊಂದೇ ಊರು ನೋಡುತ್ತೀರಿ. ನಾಲ್ಕು ಮಾರಿಯಮ್ಮಂದಿರ ಕರಗ ಹೊರಡುತ್ತೆ, ವಿಜಯದಶಮಿ ರಾತ್ರಿ ದಶಮಂಟಪಗಳ ಮೆರವಣಿಗೆ ಬೆಳಗಿನ ತನಕ. ರಾಜರ ಕಾಲದಲ್ಲಿ ಊರಿಗೆ ರೋಗ ಬಂದಾಗ ಶುರುವಾದದ್ದು ಅನ್ನುತ್ತಾರೆ. ಅದು ಬೇರೆ ಪ್ರಶ್ನೆ, ಬೇರೆ ದಿನ ಕೇಳಿ.

ಸಂಜೆ ಐದಕ್ಕೆ ರಾಜಾಸೀಟ್ ತಲುಪಿ. ನವೆಂಬರ್‌ನಲ್ಲಿ ಆರರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಕೊನೇ ಗಳಿಗೆಯಲ್ಲಿ ಎಲ್ಲರೂ ಒಟ್ಟಿಗೆ ಬರುವುದರಿಂದ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ಟಿಕೆಟ್‌ಗೆ ಚಿಲ್ಲರೆ ಇಟ್ಟುಕೊಳ್ಳಿ. ಇಲ್ಲಿ ಇರುವುದು ತೋಟ, ಮತ್ತು ನಾಲ್ಕು ಕಂಬಕ್ಕೆ ಕಮಾನು ಕಟ್ಟಿದ ಒಂದು ಪುಟ್ಟ ಮಂಟಪ. ರಾಜರು ಸಂಜೆ ಇಲ್ಲಿ ಕೂತು ಪಡುವಣ ನೋಡುತ್ತಿದ್ದರಂತೆ. ಕೆಳಗೆ ಕಣಿವೆ, ಗದ್ದೆ, ಮಂಜು, ಬೆಟ್ಟದ ಹಿಂದೆ ಬೆಟ್ಟ, ನಡುವೆ ದಾರದ ಹಾಗೆ ಕಾಣುವ ಮಂಗಳೂರು ರಸ್ತೆ. ಸೀಟ್ ಎಲ್ಲಿ ಅಂತ ಮಗ ಕೇಳುತ್ತಾನೆ. ಅದೂ ಇಲ್ಲ. ಅಮ್ಮನಿಗೆ ಒಂದು ಬೆಂಚು ಹುಡುಕಿ ಕೂರಿಸಿ. ಇಳಿದು ಹತ್ತುವ ಮೆಟ್ಟಿಲ ಕಡೆ ಕರೆದುಕೊಂಡು ಹೋಗಬೇಡಿ, ಮೇಲಿಂದಲೇ ಎಲ್ಲಾ ಕಾಣುತ್ತೆ. ಸೂರ್ಯ ಇಳಿದ ಕೂಡಲೇ ಚಳಿ ಥಟ್ ಅಂತ ಏರುತ್ತೆ. ದಾವಣಗೆರೆಯಿಂದ ಬರುವವರು ಯಾವಾಗಲೂ ರೂಮಿನಲ್ಲಿ ಬಿಟ್ಟು ಬರುವುದು ಮಫ್ಲರ್. ಅಮ್ಮನದನ್ನು ಬೆಳಿಗ್ಗೆಯೇ ಗಾಡಿಯಲ್ಲಿ ಇಟ್ಟುಬಿಡಿ.